ಸ್ಟೀರಾಯ್ಡ್ ಹನಿ ಮತ್ತು ಕಣ್ಣಿನ ಜೀನ್‌ಗಳು

ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಹನಿಗಳು ಕಣ್ಣಿನ ಉರಿ, ಕೆಂಪು, ತುರಿಕೆಯನ್ನು ಬೇಗ ಇಳಿಸುತ್ತವೆ. ಔಷಧದ ಅಣು ಜೀವಕೋಶದೊಳಗಿನ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು, ಕೋಶಕೇಂದ್ರ ಸೇರಿ, ಡಿಎನ್‌ಎ ಮೇಲೆ ಕೂರುತ್ತದೆ. ಉರಿಯೂತ ಹಚ್ಚುವ ಜೀನ್‌ಗಳು ತಗ್ಗುತ್ತವೆ. ಬೇರೆ ಕೆಲವು ಚುರುಕಾಗುತ್ತವೆ.

ತೊಂದರೆ ಈ ಎರಡನೆಯ ಗುಂಪಿನದು.

ಕಣ್ಣೊಳಗಿನ ದ್ರವ ಹೊರಹೋಗುವುದು ಟ್ರಾಬೆಕ್ಯುಲರ್ ಮೆಶ್‌ವರ್ಕ್ ಎಂಬ ಜರಡಿಯಂಥ ಅಂಗಾಂಶದ ಮೂಲಕ. ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ದಿನಗಟ್ಟಲೆ ಡೆಕ್ಸಾಮೆಥಾಸೋನ್‌ನಲ್ಲಿಟ್ಟರೆ ಮಯೋಸಿಲಿನ್ ಜೀನ್ ವಿಪರೀತ ಕೆಲಸ ಮಾಡತೊಡಗುತ್ತದೆ. ಇದೇ ಜೀನಿನ ದೋಷ ಕೆಲವು ಕುಟುಂಬಗಳಲ್ಲಿ ಗ್ಲಾಕೋಮಾಕ್ಕೆ, ಅಂದರೆ ದೃಷ್ಟಿನರ ಕೆಡಿಸುವ ಕಣ್ಣಿನ ರೋಗಕ್ಕೆ, ಕಾರಣವೆಂದು 1997ರಲ್ಲಿ ಗೊತ್ತಾಯಿತು. ಹಾಗೆಂದು ಸ್ಟೀರಾಯ್ಡ್‌ನ ಎಲ್ಲ ಕೇಡನ್ನೂ ಅದೊಂದರ ತಲೆಗೆ ಕಟ್ಟುವುದು ತಪ್ಪು. ಫೈಬ್ರೊನೆಕ್ಟಿನ್ ಪ್ರೋಟೀನ್ ಶೇಖರವಾಗುತ್ತದೆ, ಕೋಶದ ಆಕ್ಟಿನ್ ಎಳೆಗಳು ಹೆಣೆದುಕೊಂಡು ಬಿಗಿಯುತ್ತವೆ, ದ್ರವದ ದಾರಿ ಕಟ್ಟಿ ಒತ್ತಡ ಏರುತ್ತದೆ.

ಎಲ್ಲರಿಗೂ ಹೀಗಾಗದು. ವಾರಗಟ್ಟಲೆ ಹನಿ ಹಾಕಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಒತ್ತಡ ಗಮನಾರ್ಹವಾಗಿ ಏರುತ್ತದೆ. ಒತ್ತಡ ಏರುವವರ ಮತ್ತು ಏರದವರ ಕೋಶಗಳ ಜೀನ್ ಚಟುವಟಿಕೆಯನ್ನು ಮದುರೆಯ ಅರವಿಂದ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೋಲಿಸಿ ನೋಡಿದ್ದಾರೆ.

ಅಲರ್ಜಿಯಿಂದ ಕಣ್ಣುಜ್ಜುವ ಮಕ್ಕಳಿಗೆ ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಮತ್ತೆ ಮತ್ತೆ ಹನಿ ತರುವುದೇ ಅಪಾಯ. ಏರಿದ ಒತ್ತಡ ಬಹುಮಟ್ಟಿಗೆ ನೋಯುವುದೂ ಇಲ್ಲ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮಂಡ್ಯದ ಮಿಮ್ಸ್ ಆಸ್ಪತ್ರೆ; ನಾಗಮಂಗಲ, ಕೆ.ಆರ್. ಪೇಟೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ದೂರವಲ್ಲ. ಹನಿ ಮುಂದುವರಿಸುವ ಮುನ್ನ ಕಣ್ಣಿನ ಒತ್ತಡ ಅಳೆಸಿಕೊಳ್ಳಿ.