ಮುಂಗುಸಿ ಎಂಬ ಹೆಸರಿನ ಮೂಲ

ಇಂಗ್ಲಿಷಿನ ‘ಮಾಂಗೂಸ್’ ಎಂಬ ಪ್ರಾಣಿನಾಮವು ಭರತಖಂಡದಿಂದ ಹೋದುದೆಂಬುದು ಸರ್ವವಿದಿತ. ನಿಘಂಟುಕಾರರು ಅದನ್ನು ಮರಾಠಿಯ ‘ಮುಂಗೂಸ’ದಿಂದ ಬಂದುದೆಂದು ಹೇಳಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುವರು. ಇದನ್ನು ನೋಡಿದವರಿಗೆ ನಮ್ಮ ‘ಮುಂಗುಸಿ’ಯೂ ಮರಾಠಿಯ ಸಾಲವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಸಾಲ ಕೊಟ್ಟವರಾರು, ಕೊಂಡವರಾರು ಎಂಬುದನ್ನು ಇನ್ನಷ್ಟು ಹಿಂದಕ್ಕೆ ಹೋಗಿ ವಿಚಾರಿಸಬೇಕಾಗಿದೆ.

ಸಂಸ್ಕೃತದಲ್ಲಿ ಈ ಪ್ರಾಣಿಗೆ ‘ನಕುಲ’ವೆಂದು ಹೆಸರು. ಪಾಂಡವರಲ್ಲಿ ನಾಲ್ಕನೆಯವನ ಹೆಸರೂ ಇದೇ ಅಷ್ಟೆ. ಹಿಂದಿಯ ‘ನೇವಲಾ’, ಗುಜರಾತಿಯ ‘ನೋಳಿಯೊ’ ಇವು ಆ ನಕುಲಶಬ್ದದ ಸಂತತಿಯವು. ಮರಾಠಿಯೂ ಅದೇ ಕುಲದ ಭಾಷೆಯಾಗಿದ್ದು ‘ಮುಂಗೂಸ’ವೆನ್ನುತ್ತದೆ, ಅದರ ನೆರೆಯ ಕೊಂಕಣಿಯದು ‘ಮುಂಗುಸ್’. ಈ ಶಬ್ದವು ಆರ್ಯಭಾಷೆಗಳ ಪಿತ್ರಾರ್ಜಿತವಾಗಿದ್ದ ಪಕ್ಷದಲ್ಲಿ ಉತ್ತರದ ಸೋದರಭಾಷೆಗಳಲ್ಲಿಯೂ ಬಳಕೆಯಲ್ಲಿರಬೇಕಾಗಿತ್ತು. ಅಲ್ಲಿ ನಕುಲದ ವಂಶವು ನಡೆದುಬಂದು, ಕನ್ನಡ ತೆಲುಗುಗಳ ಮಗ್ಗುಲಲ್ಲಿರುವ ಭಾಷೆಗಳಲ್ಲಿ ಮಾತ್ರ ‘ಮುಂಗೂಸ’ವು ನೆಲೆಗೊಂಡಿರುವುದು ಗಮನಿಸತಕ್ಕ ಸಂಗತಿ.

ಇನ್ನು ದಕ್ಷಿಣದ ರೂಪಗಳನ್ನು ನೋಡೋಣ. ಕನ್ನಡದಲ್ಲಿ ಮುಂಗಿ, ಮುಂಗಿಲಿ, ಮುಂಗುಲಿ, ಮುಂಗುರಿ, ಮುಂಗಿಸಿ, ಮುಂಗುಸಿ ಎಂದು ಹಲವು ರೂಪಗಳುಂಟು. ತೆಲುಗಿನಲ್ಲಿ ಮುಂಗಿ, ಮುಂಗಿಸ. ತಮಿಳಿನಲ್ಲಿ ವಾಡಿಕೆಯ ಮಾತು ‘ಕೀರಿ’ಯಾದರೂ ‘ಮೂಂಗಾ’ ಎಂಬುದು ನಿಘಂಟುಗಳಲ್ಲಿದೆ. ಬರೋ ಮತ್ತು ಎಮೆನೋ ಪಂಡಿತರು ತಮ್ಮ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ (1961, ಪರಿಷ್ಕೃತ ಮುದ್ರಣ 1984) ಇವನ್ನು ಒಂದೇ ಕಡೆ ಸೇರಿಸಿದ್ದಾರೆ. ಪರಭಾಷೆಯಿಂದ ಬಂದ ಮಾತು ಪ್ರಾಯಶಃ ಒಂದು ರೂಪವನ್ನು ಹೊತ್ತು ಬರುವುದು. ಇಲ್ಲಿಯಾದರೋ ‘ಮುಂಗಿ’ ಎಂಬ ಬೋಳು ರೂಪವು ತಾನೇ ಪ್ರಯೋಗದಲ್ಲಿದ್ದು, ಅದರ ಮೇಲೆ ಲಿ, ರಿ, ಸಿ ಎಂಬ ಬೇರೆ ಬೇರೆ ತುದಿಗಳು ಬೆಳೆದಿವೆ. ಮರಾಠಿಯ ‘ಮುಂಗೂಸ’ವು ಇವುಗಳಲ್ಲಿ ಸಕಾರವುಳ್ಳ ಕೊಂಬೆಯೊಂದಕ್ಕೇ ಹೊಂದುತ್ತದೆ. ಬೇರು ಇತ್ತ ಕಡೆಯದೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಿಲ್ಲವೆಂದು ನಮ್ಮ ಅಭಿಪ್ರಾಯ.

ಚೂಪಾದ ಮೂತಿಯ ಪ್ರಾಣಿಯಾದುದರಿಂದ ‘ಮೂಗು’ ಶಬ್ದದಿಂದ ಹೆಸರನ್ನು ಬಿಡಿಸಲು ಮನಸ್ಸಾಗಬಹುದು. ಅದು ಸಲ್ಲದು. ಮೂಗಿಗೆ ತಮಿಳಿನಲ್ಲಿ ‘ಮೂಕ್ಕು’, ತೆಲುಗಿನಲ್ಲಿ ‘ಮುಕ್ಕು’, ಎಲ್ಲಿಯೂ ಅನುನಾಸಿಕವಿಲ್ಲ. ಪ್ರಾಣಿಯ ಹೆಸರಿನಲ್ಲಿ ಅದು ಮೂರು ಭಾಷೆಗಳಲ್ಲಿಯೂ ತಪ್ಪದೆ ಇದೆ. ಕಿವಿಗೆ ಇಂಪಾದ ವ್ಯುತ್ಪತ್ತಿಗಳು ಬಹುಮಟ್ಟಿಗೆ ಹೀಗೆಯೇ ಕೆಡುವುವು.

ಹೆಸರಿನ ಮುಂದಿನ ಪ್ರಯಾಣವು ವಿಚಿತ್ರವಾದುದು. ಕಾರವಾರ, ಗೋಕರ್ಣಗಳನ್ನು ಕಂಡಿದ್ದ ಜಾನ್ ಫ್ರಯರನು 1698ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಮಾತನ್ನು ಬಳಸಿದ್ದಾನೆ. 1872ರಲ್ಲಿ ಕಬ್ಬಿನ ತೋಟಗಳ ಇಲಿಗಳನ್ನು ಕೊಲ್ಲಿಸುವುದಕ್ಕಾಗಿ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾ ದ್ವೀಪಕ್ಕೆ ಒಯ್ದರು. ಇದಕ್ಕೂ ಮೊದಲೇ, 1788ರಲ್ಲಿ, ಗ್ಮೆಲಿನ್ ಎಂಬ ಪ್ರಾಣಿಶಾಸ್ತ್ರಜ್ಞನು ‘ಮುಂಗೊ’ ಎಂದು ಲ್ಯಾಟಿನ್ ಹೆಸರಿಟ್ಟ ಜಾತಿಯು ಬೆನ್ನಿನ ಮೇಲೆ ಪಟ್ಟೆಗಳುಳ್ಳ ಆಫ್ರಿಕದ ಮುಂಗುಸಿಯೆಂದು ಗೊತ್ತಾಗಿದೆ. ಅದರ ಇಂದಿನ ಶಾಸ್ತ್ರೀಯನಾಮವು ‘ಮುಂಗೋಸ್ ಮುಂಗೊ’. ನಮ್ಮ ಹೊಲಬೇಲಿಗಳಲ್ಲಿ ಓಡಾಡುವ ಬೂದು ಮುಂಗುಸಿಗೆ ಶಾಸ್ತ್ರಜ್ಞರು ಕೊಟ್ಟಿರುವುದು ‘ಉರ್ವ ಎಡ್ವರ್ಡ್ಸಿಐ’ ಎಂಬ ಹೆಸರನ್ನು.