ಬಾವುಟ ಹಾರಿಸುವುದೇ ಅಪರಾಧವಾಗಿದ್ದ ಕಾಲ

1938ರ ಬೇಸಿಗೆಯಲ್ಲಿ ಹಿಂದೂಪುರದಲ್ಲಿ ಯಾರಾದರೂ ಕಾಂಗ್ರೆಸ್ಸಿನ ಚರಕದ ಬಾವುಟ ಹಾರಿಸಿದರೆ ಅದು ಅಪರಾಧವಾಗುತ್ತಿರಲಿಲ್ಲ. ಆ ಊರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಹಿಂದಿನ ವರ್ಷವೇ ರಾಜಾಜಿಯವರ ನೇತೃತ್ವದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತ್ತು. ಆದರೆ ಅದೇ ಬಾವುಟ ಹಿಡಿದು ಕೆಲವೇ ಮೈಲಿ ದಕ್ಷಿಣಕ್ಕೆ ನಡೆದು ಮೈಸೂರು ಸಂಸ್ಥಾನದ ಗಡಿ ದಾಟಿದರೆ ಸೆರೆಮನೆ ಕಾದಿರುತ್ತಿತ್ತು. ಗಡಿಯ ಎರಡೂ ಕಡೆ ಇದ್ದವರು ಒಂದೇ ಬಗೆಯ ಜನ. ರಾಗಿ, ನೆಲಗಡಲೆ ಬೆಳೆಯುವವರು, ಕನ್ನಡ ತೆಲುಗು ಎರಡನ್ನೂ ಆಡುವವರು, ಒಂದೇ ಜಾತ್ರೆಗೆ ಗಾಡಿ ಕಟ್ಟುವವರು. ಅತ್ತ ಆಳುತ್ತಿದ್ದುದು ಬ್ರಿಟಿಷರು. ಇತ್ತ ಇದ್ದುದು ನಮ್ಮವರೇ ಆದ ಮಹಾರಾಜರು. ಬ್ರಿಟಿಷರ ನೆಲದಲ್ಲಿ ಹಾರುತ್ತಿದ್ದ ಬಾವುಟ ಮಹಾರಾಜರ ನೆಲದಲ್ಲಿ ಅಪರಾಧವಾಗಿತ್ತು.

ಸ್ವಾತಂತ್ರ್ಯ ಹೋರಾಟದ ಕತೆಯನ್ನು ಹೇಳುವಾಗ ಈ ವೈಚಿತ್ರ್ಯವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಪರಕೀಯನ ವಿರುದ್ಧ ಎದ್ದು ನಿಲ್ಲಲು ಧೈರ್ಯ ಬೇಕು, ನಿಜ. ಆದರೆ ತಾವೇ ಪ್ರೀತಿಸುವ, ಗೌರವಿಸುವ ದೊರೆಯ ಸರ್ಕಾರದ ಎದುರು ನಿಂತು ‘ಇದು ನಮ್ಮ ಹಕ್ಕು’ ಎನ್ನುವುದಕ್ಕೆ ಬೇರೆಯೇ ಬಗೆಯ ಧೈರ್ಯ ಬೇಕು. ಹಳೆಯ ಮೈಸೂರಿನ ರೈತರು, ಕೂಲಿಕಾರರು, ವಿದ್ಯಾರ್ಥಿಗಳು ತೋರಿದ್ದು ಈ ಎರಡನೆಯ ಬಗೆಯ ಧೈರ್ಯವನ್ನು.

ಮಾದರಿ ಸಂಸ್ಥಾನದ ಇನ್ನೊಂದು ಮುಖ

ಭಾರತದಲ್ಲಿ ಆಗ ಐನೂರಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. ಅವುಗಳಲ್ಲಿ ಮೈಸೂರಿಗೆ ‘ಮಾದರಿ ಸಂಸ್ಥಾನ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1881ರಲ್ಲೇ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಕನ್ನಂಬಾಡಿಯ ಕಟ್ಟೆ ಮಂಡ್ಯದ ಬಯಲಿಗೆ ನೀರು ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಜನ ದೇವರಂತೆ ಕಾಣುತ್ತಿದ್ದರು. 1927ರಲ್ಲಿ ಗಾಂಧೀಜಿಯವರು ಕಾಯಿಲೆ ಬಿದ್ದಾಗ ನಂದಿಬೆಟ್ಟದಲ್ಲೂ ಬೆಂಗಳೂರಿನಲ್ಲೂ ವಿಶ್ರಾಂತಿ ಪಡೆದದ್ದು ಈ ಸಂಸ್ಥಾನದ ಅತಿಥಿಯಾಗಿಯೇ.

ಆದರೆ ಇಷ್ಟೆಲ್ಲ ಇದ್ದರೂ ಒಂದು ಮುಖ್ಯ ಸಂಗತಿ ಇರಲಿಲ್ಲ. ರಾಜ್ಯಭಾರ ನಡೆಸುತ್ತಿದ್ದ ದಿವಾನರು ಮಹಾರಾಜರಿಗೆ ಉತ್ತರ ಹೇಳಬೇಕಿತ್ತೇ ಹೊರತು ಪ್ರಜೆಗಳಿಗಲ್ಲ. ಪ್ರಜಾಪ್ರತಿನಿಧಿ ಸಭೆಯಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. 1926ರಿಂದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ದಕ್ಷ ಆಡಳಿತಗಾರರು, ಊರುಗಳನ್ನು ಚೆಂದಗೊಳಿಸಿದವರು. ಆದರೆ ಒಳ್ಳೆಯ ಆಡಳಿತ ಬೇರೆ, ಜವಾಬ್ದಾರಿ ಸರ್ಕಾರ ಬೇರೆ. ಈ ವ್ಯತ್ಯಾಸವನ್ನು ಹಳ್ಳಿಯ ರೈತನಿಗೆ ತಿಳಿಸಿಕೊಟ್ಟದ್ದು ಪುಸ್ತಕಗಳಲ್ಲ, ಬದುಕು. 1929ರ ನಂತರ ಜಗತ್ತನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆಗಳ ಬೆಲೆ ಕುಸಿಯಿತು, ಕಂದಾಯ ಮಾತ್ರ ಇಳಿಯಲಿಲ್ಲ. ಮಂಡ್ಯದ ಕಡೆ ಇರ್ವಿನ್ ನಾಲೆಯ ರೈತರು ತೆರಿಗೆಯ ಪ್ರಶ್ನೆ ಎತ್ತಿ ಚಳವಳಿ ಹೂಡಿದರು. ನೀರು ಕೊಟ್ಟ ಸರ್ಕಾರವೇ ಆದರೂ ತಮ್ಮ ಮಾತು ಕೇಳಬೇಕು ಎಂಬ ಭಾವನೆ ಬೇರೂರಿದ್ದು ಆಗ.

ಅದುವರೆಗೆ ಕಾಂಗ್ರೆಸ್ ಬಹುಮಟ್ಟಿಗೆ ಪಟ್ಟಣದ ವಕೀಲರ, ವಿದ್ಯಾವಂತರ ಸಂಸ್ಥೆಯಾಗಿತ್ತು. 1937ರಲ್ಲಿ ಪ್ರಜಾಸಂಯುಕ್ತ ಪಕ್ಷ ಅದರಲ್ಲಿ ಲೀನವಾಯಿತು. ಕೆ.ಸಿ. ರೆಡ್ಡಿಯವರಂಥ ಮುಖಂಡರೊಡನೆ ಗ್ರಾಮಾಂತರದ ಒಕ್ಕಲು ಸಮುದಾಯಗಳೂ ಕಾಂಗ್ರೆಸ್ಸಿನತ್ತ ಬಂದವು. ಬಾವುಟ ಪೇಟೆಯ ಸಭಾಂಗಣದಿಂದ ಹಳ್ಳಿಯ ತೋಪಿಗೆ ಬಂದದ್ದು ಹೀಗೆ.

ಬೆಂಬಲವಿಲ್ಲದ ಹೋರಾಟ

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. 1938ರ ಫೆಬ್ರವರಿಯಲ್ಲಿ ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಹರಿಪುರದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಅಧಿವೇಶನ, ಸಂಸ್ಥಾನಗಳ ಒಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಬಾರದು ಎಂದು ತೀರ್ಮಾನಿಸಿತು. ಸಂಸ್ಥಾನದ ಪ್ರಜೆಗಳು ತಮ್ಮ ಭಾರವನ್ನು ತಾವೇ ಹೊರಬೇಕು ಎಂಬುದು ಅದರ ಧೋರಣೆ. ಈ ಧೋರಣೆಗೆ ಕಾರಣಗಳಿದ್ದವು. ಬ್ರಿಟಿಷರನ್ನು ಎದುರಿಸುವುದೇ ಸಾಕಷ್ಟು ಕಷ್ಟವಾಗಿರುವಾಗ ನೂರಾರು ರಾಜರನ್ನೂ ಎದುರು ಹಾಕಿಕೊಳ್ಳಲು ನಾಯಕರು ಸಿದ್ಧರಿರಲಿಲ್ಲ. ಆದರೆ ಇದರ ಪರಿಣಾಮವೆಂದರೆ, ಬಾವುಟ ಹಿಡಿದು ಹೊರಟ ಮೈಸೂರಿನ ರೈತನ ಬೆನ್ನಿಗೆ ಅಖಿಲ ಭಾರತದ ಸಂಸ್ಥೆ ನಿಲ್ಲುತ್ತದೆ ಎಂಬ ಭರವಸೆ ಇರಲಿಲ್ಲ.

ಆದರೂ ಜನ ಹೊರಟರು. ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಏರ್ಪಾಡಾಯಿತು. ಬಾವುಟ ಹಾರಿಸಕೂಡದೆಂದು ನಿಷೇಧಾಜ್ಞೆ ಹೊರಟಿತು. ಸಭೆಗೆ ಜಾಗ ಒದಗಿಸಿದವರು ತಿರುಮಲೇಗೌಡ ಎಂಬ ರೈತರು. ಸರ್ಕಾರ ಬೇಡವೆಂದ ಕಾರ್ಯಕ್ಕೆ ಜಮೀನು ಬಿಟ್ಟುಕೊಡುವುದೆಂದರೆ ಏನೆಂಬುದು ಕಂದಾಯ ಕಟ್ಟುವ ಒಕ್ಕಲಿಗನಿಗೆ ಗೊತ್ತಿರದ ಸಂಗತಿಯೇನಲ್ಲ. ಸುತ್ತಲ ಊರುಗಳಿಂದ ಸಾವಿರಾರು ಜನ ಬಂದು ಸೇರಿದರು. ಏಪ್ರಿಲ್ 11ರಂದು ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಬಾವುಟ ಏರಿಸಿದರು, ಬಂಧನಕ್ಕೊಳಗಾದರು. ಶಿವಪುರದಲ್ಲಿ ಗುಂಡು ಹಾರಲಿಲ್ಲ. ಜನ ಶಾಂತರಾಗಿ ಕುಳಿತರು, ಸರ್ಕಾರವೂ ಬಂಧನಗಳಲ್ಲೇ ನಿಂತಿತು. ಆ ಸುದ್ದಿ ಊರೂರಿಗೂ ಹರಡಿತು. ಅಲ್ಲಲ್ಲಿ ಧ್ವಜ ಸತ್ಯಾಗ್ರಹಗಳು ಆರಂಭವಾದವು.

ಅಶ್ವತ್ಥದ ನೆರಳಿನಲ್ಲಿ

ಎರಡು ವಾರ ಕಳೆಯುವುದರೊಳಗೆ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಪರಿಸ್ಥಿತಿ ಬೇರೆಯಾಯಿತು. ಉತ್ತರ ಪಿನಾಕಿನಿಯ ದಡದ ಆ ಕ್ಷೇತ್ರದಲ್ಲಿದ್ದ ಹಿರಿಯ ಅಶ್ವತ್ಥವೃಕ್ಷವನ್ನು ಮಹಾಭಾರತದ ವಿದುರನೇ ನೆಟ್ಟನೆಂದು ಪ್ರತೀತಿ. ಮಕ್ಕಳಾಗಲೆಂದು ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಅಲ್ಲಿ ಸಾಲುಸಾಲಾಗಿವೆ. ಚೈತ್ರದ ಜಾತ್ರೆಗೆ ಗಡಿಯ ಎರಡೂ ಬದಿಯ ಜನ ಸೇರುತ್ತಾರೆ.

1938ರ ಏಪ್ರಿಲ್ 25ರಂದು ಅಲ್ಲಿ ನಿಷೇಧಾಜ್ಞೆ ಇತ್ತು. ಅದನ್ನು ಮುರಿದು ಜನ ಬಾವುಟದೊಡನೆ ಸಭೆ ಸೇರಿದರು. ಬಂದವರಲ್ಲಿ ಹೆಚ್ಚಿನವರು ಆಸುಪಾಸಿನ ಹಳ್ಳಿಗಳ ಬೇಸಾಯಗಾರರು, ಹೆಂಗಸರೂ ಇದ್ದರು. ಪೊಲೀಸರು ಅವರನ್ನು ಚದುರಿಸಲು ಹೋದರು. ಕೊನೆಗೆ ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿತು. ಮೂವತ್ತಕ್ಕೂ ಹೆಚ್ಚು ಎಂದು ಜನ ಹೇಳಿದರು. ಸತ್ತವರಲ್ಲಿ ಗೌರಮ್ಮ ಎಂಬ ಹೆಣ್ಣುಮಗಳೂ ಒಬ್ಬಳು. ಈ ಎರಡು ಲೆಕ್ಕಗಳ ನಡುವಿನ ಅಂತರ ಇಂದಿಗೂ ಮುಚ್ಚಿಲ್ಲ. ಆಳುವವರ ದಾಖಲೆಯಲ್ಲಿ ಸಾಮಾನ್ಯ ಜನರ ಸಾವು ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದಕ್ಕೆ ಈ ಅಂತರವೇ ಸಾಕ್ಷಿ.

ವಿದುರಾಶ್ವತ್ಥವನ್ನು ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂದು ಕರೆಯುವುದು ರೂಢಿ. ನಿರಾಯುಧ ಜನರ ಮೇಲೆ ಗುಂಡು ಹಾರಿತೆಂಬ ಅರ್ಥದಲ್ಲಿ ಹೋಲಿಕೆ ಸರಿಯೇ. ಆದರೆ ಒಂದು ವ್ಯತ್ಯಾಸವನ್ನು ಅದು ಮರೆಸುತ್ತದೆ. ಅಮೃತಸರದಲ್ಲಿ ಆಜ್ಞೆ ಕೊಟ್ಟವನು ಬ್ರಿಟಿಷ್ ಸೇನಾಧಿಕಾರಿ. ವಿದುರಾಶ್ವತ್ಥದಲ್ಲಿ ಬಂದೂಕು ಹಿಡಿದವರು ಮೈಸೂರಿನ ಪೊಲೀಸರು. ಸತ್ತವರ ಮಾತನ್ನೇ ಆಡುವವರು, ಅವರಂತೆಯೇ ಹಳ್ಳಿಯಲ್ಲಿ ಹುಟ್ಟಿದವರು. ದೊರೆ ಒಳ್ಳೆಯವನಾದ ಮಾತ್ರಕ್ಕೆ ಪ್ರಜೆಗೆ ರಕ್ಷಣೆಯಿಲ್ಲ, ಹಕ್ಕು ಇದ್ದರೆ ಮಾತ್ರ ಉಂಟು ಎಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಪರಿಣಾಮ ತಡವಾಗಲಿಲ್ಲ. ಗಾಂಧೀಜಿಯವರು ಹೇಳಿಕೆ ನೀಡಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಸ್ಥಾಪನೆಯಾಗಬೇಕೆಂದರು. ಸಂಸ್ಥಾನಗಳಿಂದ ದೂರವಿರಲು ಬಯಸಿದ್ದ ಕಾಂಗ್ರೆಸ್ ವರಿಷ್ಠರು ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಅವರನ್ನು ಇಲ್ಲಿಗೆ ಕಳಿಸಿದರು. ಮೇ ತಿಂಗಳಿನಲ್ಲಿ ಪಟೇಲ್–ಮಿರ್ಜಾ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು. ಬಂಧಿತರ ಬಿಡುಗಡೆಯಾಯಿತು. ಗುಂಡೇಟಿನ ವಿಚಾರಣೆಗೆ ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪ ರಾಮೇಶಂ ಅವರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು.

ಇಲ್ಲಿ ಯಾರು ಯಾರನ್ನು ಮುನ್ನಡೆಸಿದರು ಎಂಬುದು ಕುತೂಹಲಕರ. ಫೆಬ್ರವರಿಯಲ್ಲಿ ನಾಯಕರು ‘ನಿಮ್ಮ ಭಾರ ನಿಮಗೆ’ ಎಂದಿದ್ದರು. ಮೇ ತಿಂಗಳಿನಲ್ಲಿ ಅವರೇ ಬಂದು ಮಾತುಕತೆಗೆ ಕುಳಿತರು. ನಡುವೆ ನಡೆದದ್ದು ಶಿವಪುರ ಮತ್ತು ವಿದುರಾಶ್ವತ್ಥ.

ಎರಡು ಧ್ವಜ, ಒಂದು ಪ್ರಶ್ನೆ

ಒಪ್ಪಂದದಿಂದ ಬಾವುಟದ ಹಕ್ಕು ಸಿಕ್ಕಿತು. ಜವಾಬ್ದಾರಿ ಸರ್ಕಾರ ಸಿಗಲಿಲ್ಲ. ಅದಕ್ಕಾಗಿ ಮತ್ತೆ ಒಂಬತ್ತು ವರ್ಷ ಕಾಯಬೇಕಾಯಿತು. ಆ ಒಂಬತ್ತು ವರ್ಷಗಳಲ್ಲಿ ನಡೆದದ್ದೆಲ್ಲವೂ ಶಿವಪುರದಷ್ಟು ಶಾಂತವಾಗಿರಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರು ಸ್ವತಂತ್ರವೆಂದು ಸಾರಿ, ಹುಡುಗರನ್ನೇ ಅಧಿಕಾರಿಗಳನ್ನಾಗಿ ನೇಮಿಸಿಕೊಂಡರು. ಆ ತಿಂಗಳ 28ರಂದು ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಹತರಾದರು. ಊರಿನ ಮೇಲೆ ಪೊಲೀಸರ ದಾಳಿಯಾಯಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಈಸೂರನ್ನು ನೆನೆಯುವಾಗ ಹುತಾತ್ಮರಾದ ಐವರ ಜೊತೆಗೆ ಆ ಇಬ್ಬರು ಅಧಿಕಾರಿಗಳೂ ಈ ನೆಲದವರೇ ಎಂಬುದನ್ನು ಮರೆಯುವಂತಿಲ್ಲ. ಮಾತಿಗೆ ದಾರಿಯಿಲ್ಲದ ಕಡೆ ಧೈರ್ಯ ಮತ್ತು ಆಕ್ರೋಶ ಬೆರೆತುಹೋಗುತ್ತವೆ. ಅದರ ಬೆಲೆಯನ್ನು ಎರಡೂ ಕಡೆಯ ಸಾಮಾನ್ಯರು ತೆರುತ್ತಾರೆ.

ಕೊನೆಯ ಅಂಕ ನಡೆದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಸಂಭ್ರಮವಿತ್ತು. ಮೈಸೂರು ಭಾರತ ಒಕ್ಕೂಟವನ್ನು ಸೇರಿತ್ತು. ಆದರೆ ಆಡಳಿತ ಇನ್ನೂ ದಿವಾನರ ಕೈಯಲ್ಲಿತ್ತು. ಆಗ ದಿವಾನರಾಗಿದ್ದವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ದೇಶದ ಬೇರೆ ಭಾಗಗಳಲ್ಲಿ ಸ್ವಾತಂತ್ರ್ಯ ಯೋಧರು ಸನ್ಮಾನ ಪಡೆಯುತ್ತಿದ್ದಾಗ ಮೈಸೂರಿನವರು ಇನ್ನೂ ಸೆರೆಮನೆ ತುಂಬುತ್ತಿದ್ದರು. ಮೈಸೂರು ನಗರದ ಫೈವ್‌ಲೈಟ್ಸ್ ವೃತ್ತದ ಬಳಿ ಧ್ವಜ ಹಾರಿಸಲು ಮುಂದಾದ ರಾಮಸ್ವಾಮಿ ಎಂಬ ಹೈಸ್ಕೂಲು ವಿದ್ಯಾರ್ಥಿ ಪೊಲೀಸರ ಗುಂಡಿಗೆ ಬಲಿಯಾದ. ಸ್ವತಂತ್ರ ಭಾರತದಲ್ಲಿ, ಸ್ವತಂತ್ರ ಭಾರತದ ಧ್ವಜಕ್ಕಾಗಿ ಸತ್ತ ಹುಡುಗ ಅವನು. ಅಕ್ಟೋಬರಿನಲ್ಲಿ ಮಹಾರಾಜ ಜಯಚಾಮರಾಜ ಒಡೆಯರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಮುಂದೆ ಆದದ್ದನ್ನೂ ನೋಡಬೇಕು. ಜಯಚಾಮರಾಜ ಒಡೆಯರು 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ಜನ ಅವರನ್ನು ಗೌರವದಿಂದಲೇ ಕಂಡರು. ದಸರೆಯ ವೈಭವ ಜನರ ಹಬ್ಬವಾಗಿ ಉಳಿಯಿತು, ನಾಲ್ವಡಿಯವರ ಭಾವಚಿತ್ರ ಅನೇಕ ಮನೆಗಳ ಗೋಡೆಯ ಮೇಲೆ ಇಂದಿಗೂ ಇದೆ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಬಾವುಟ ಹಿಡಿದು ನಡೆದವರು ದೊರೆಯನ್ನು ದ್ವೇಷಿಸಿದವರಲ್ಲ. ದೊರೆಯ ಒಳ್ಳೆಯತನದ ಮೇಲೆ ತಮ್ಮ ಬದುಕು ನಿಂತಿರಬಾರದು ಎಂದಷ್ಟೇ ಅವರು ಹೇಳಿದ್ದು. ದೇಶಪ್ರೇಮ ಎಂದರೆ ಯಾರನ್ನೋ ಹಗೆಯೆಂದು ಕಾಣುವುದು ಎಂದು ತಿಳಿದವರಿಗೆ ಈ ಜನರ ನಡತೆ ಅರ್ಥವಾಗುವುದು ಕಷ್ಟ.

ವಿದುರಾಶ್ವತ್ಥದ ಆ ಹಿರಿಯ ಮರ 2001ರಲ್ಲಿ ಉರುಳಿತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಊರು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಹುತಾತ್ಮರ ನೆನಪಿಗಾಗಿ ಅಲ್ಲಿ ವೀರಸೌಧವಿದೆ. ಶಿವಪುರದಲ್ಲಿ ಸತ್ಯಾಗ್ರಹ ಸೌಧವಿದೆ. ಮೈಸೂರಿನ ಆ ವೃತ್ತಕ್ಕೆ ರಾಮಸ್ವಾಮಿಯ ಹೆಸರಿದೆ. ದಿನವೂ ಸಾವಿರಾರು ಜನ ಆ ವೃತ್ತವನ್ನು ಹಾದು ಕಚೇರಿಗೆ, ಕಾಲೇಜಿಗೆ ಹೋಗುತ್ತಾರೆ. ಹೆಸರನ್ನು ಬಸ್ಸಿನ ಕಂಡಕ್ಟರು ಕೂಗುತ್ತಾನೆ. ಆ ರಾಮಸ್ವಾಮಿ ಮಂತ್ರಿಯಲ್ಲ, ದಿವಾನನಲ್ಲ, ಶಾಲೆಗೆ ಹೋಗುತ್ತಿದ್ದ ಹುಡುಗ ಎಂಬುದು ಕೂಗುವವನಿಗೂ ಇಳಿಯುವವರಿಗೂ ತಿಳಿದಿದ್ದರೆ ಒಳ್ಳೆಯದು.