ಗಾರ್ಡನ್ ಕಟ್ಟಿದ ಹುಳ

1890ರಲ್ಲಿ ಅಮೆರಿಕದ ಥಿಯೋಡರ್ ಗಾರ್ಡನ್‌ಗೆ ಇಂಗ್ಲೆಂಡಿನ ಫ್ರೆಡರಿಕ್ ಹಾಲ್ಫೋರ್ಡ್ ಪತ್ರದ ಜತೆ ಕೆಲವು 'ಫ್ಲೈ' ಕಳಿಸಿದರು. ಫ್ಲೈ ಅಂದ್ರೆ ಟ್ರೌಟ್ ಮೀನು ಹಿಡಿಯೋಕೆ ಗಾಳಕ್ಕೆ ಗರಿ, ದಾರ ಸುತ್ತಿ ಮಾಡಿದ ನಕಲಿ ಹುಳ. ಇವು ನೀರ ಮೇಲೆ ತೇಲುವಂಥವು.

ಸಮಸ್ಯೆ ಏನಪ್ಪಾ ಅಂದ್ರೆ, ಅವು ಇಂಗ್ಲೆಂಡಿನ ನಿಧಾನದ ಹೊಳೆಗೆ, ಅಲ್ಲಿನ ಹುಳಗಳಿಗೆ ಹೊಂದುವಂಥವು. ಗಾರ್ಡನ್ ಮೀನು ಹಿಡೀತಿದ್ದ ಕ್ಯಾಟ್ಸ್‌ಕಿಲ್ ಬೆಟ್ಟದ ನೆವರ್‌ಸಿಂಕ್ ನದಿಯದು ರಭಸದ ನೀರು. ಅವರು ಅಲ್ಲಿನ ಹುಳಗಳನ್ನೇ ನೋಡಿ, ಹುಂಜದ ಗಡುಸು ಗರಿ ಸುತ್ತಿ 'ಕ್ವಿಲ್ ಗಾರ್ಡನ್' ಕಟ್ಟಿದರು. ವಸಂತದಲ್ಲಿ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಮೇಲೇಳೋ ಹುಳದ ನಕಲು ಅದು.

1915ರಲ್ಲಿ ಗಾರ್ಡನ್ ತೀರಿಕೊಂಡರು. ಮುಂದೆ ಆ ಕಣಿವೆಯ ಒಂದು ಭಾಗ ನ್ಯೂಯಾರ್ಕ್ ನಗರಕ್ಕೆ ಕುಡಿಯೋ ನೀರು ಕೊಡೋ ಜಲಾಶಯದಲ್ಲಿ ಮುಳುಗಿತು. ಆದ್ರೆ ಏಪ್ರಿಲ್ ಬಂದ್ರೆ ಆ ಹುಳವನ್ನ ಜನ ಇವತ್ತಿಗೂ ಕಟ್ಟಿ, ನೀರಿಗೆ ಎಸೀತಾರೆ.